ಮಾರುತಿ 800ರ ಇನ್‌ಟೇಕ್ ಮ್ಯಾನಿಫೋಲ್ಡನ್ನು ಟಾರ್ಕ್ ರೆಂಚ್ ಇಲ್ಲದೆ ಮನೆಯಲ್ಲೇ ಬಿಚ್ಚಿ ಗ್ಯಾಸ್ಕೆಟ್ ಬದಲಾಯಿಸಬಹುದೇ?

ಐಡ್ಲಿಂಗ್ (ಗಾಡಿ ನಿಂತಿರುವಾಗ ಇಂಜಿನ್ನಿನ ನಿಧಾನ ಓಟ) ಏರಿಳಿಯುತ್ತಿದೆ, ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಒಯ್ಯುವ ಕವಲುಕೊಳವೆಯ) ಗ್ಯಾಸ್ಕೆಟ್, ಅಂದರೆ ಕೂಡುವ ಜಾಗದ ತೆಳು ಪದರ, ಹೋಗಿರಬೇಕು ಎಂದು ನೀವು ಬರೆದಿದ್ದೀರಿ. ಐಡ್ಲಿಂಗ್ ಸ್ಥಿರವಾಗಿ ನಿಲ್ಲದ ಹಳೆಯ ಕಾರ್ಬುರೇಟರ್ ಗಾಡಿ, ಎರಡು ದಿನಗಳ ರಜೆ, ಒಂದು ಪೆಟ್ಟಿಗೆ ಸ್ಪ್ಯಾನರ್. ಆರು ವರ್ಷಗಳ ಹಿಂದೆ ನಾನೂ ಇದೇ ಸ್ಥಿತಿಯಲ್ಲಿದ್ದೆ. ಬಿಚ್ಚುವುದು ಕಷ್ಟವಾಗಲಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಮ್ಯಾನಿಫೋಲ್ಡಿನೊಳಗೂ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಹರಿಯುವುದರಿಂದ ಆ ದ್ರವವನ್ನು ಮೊದಲೇ ಖಾಲಿ ಮಾಡಿ, ಪ್ರತಿಯೊಂದು ಹೋಸಿಗೂ ಗುರುತಿನ ಚೀಟಿ ಕಟ್ಟಿ, ಕಾರ್ಬುರೇಟರ್ ಸಮೇತ ಮ್ಯಾನಿಫೋಲ್ಡನ್ನು ಹೊರಗೆಳೆದೆ.

ತಪ್ಪು ನಡೆದದ್ದು ಆಮೇಲೆ. ನಟ್ ಬಿಚ್ಚಿದಾಗ ಅದರ ಹಿಂದಿನ ಸ್ಪ್ರಿಂಗ್ ವಾಷರ್ ಪ್ರತಿ ಬಾರಿಯೂ ಕೈಗೆ ಬರುವುದಿಲ್ಲ. ಜಿಡ್ಡಿಗೆ ಅಂಟಿಕೊಂಡು ಸ್ಟಡ್ಡಿನ (ಹೆಡ್ಡಿನಿಂದ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದಿಂದ, ಹೊರಚಾಚಿದ ತಿರುಪಿನ ಕಡ್ಡಿಯ) ಮೇಲೆಯೇ ಉಳಿಯಬಹುದು. ಮೇಲಿನ ಸಾಲಿನ ಒಂದು ವಾಷರ್ ಹಾಗೆ ಉಳಿದಿದ್ದು, ನಾನು ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಕೆಳಗಿನ ಪೋರ್ಟಿನೊಳಗೆ (ಹೆಡ್ಡಿನಲ್ಲಿ ಮಿಶ್ರಣ ಒಳಹೋಗುವ ರಂಧ್ರದೊಳಗೆ) ಜಾರಿರಬೇಕು. ಪೋರ್ಟುಗಳಿಗೆ ನಾನು ಬಟ್ಟೆ ತುರುಕಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಮರುಜೋಡಣೆಯ ಹೊತ್ತಿಗೆ ಒಂದು ವಾಷರ್ ಕಡಿಮೆ ಬಂದಾಗ, ಅದು ಎಲ್ಲಿ ಹೋಯಿತೆಂದು ಹುಡುಕದೆ ಡಬ್ಬಿಯಿಂದ ಹೊಸದೊಂದನ್ನು ತೆಗೆದು ಹಾಕಿದೆ. ಆ ಕ್ಷಣದಲ್ಲಿ ಕೈ ನಿಲ್ಲಿಸಿ, ಉದ್ದನೆಯ ಮ್ಯಾಗ್ನೆಟ್ಟನ್ನು ಮೂರು ಪೋರ್ಟುಗಳಿಗೂ ಇಳಿಸಿ ನೋಡಿದ್ದರೆ ಬಹುಶಃ ಉಕ್ಕಿನ ಆ ವಾಷರ್ ಸಿಕ್ಕಿಬಿಡುತ್ತಿತ್ತು. ಮುಚ್ಚಿದ ವಾಲ್ವಿನ ಮೇಲೆ ಕುಳಿತ ವಾಷರ್, ಇಂಜಿನ್ ತಿರುಗಿ ವಾಲ್ವ್ ತೆರೆದ ಕೂಡಲೇ ಸಿಲಿಂಡರಿಗೆ ಬೀಳುತ್ತದೆ. ನನ್ನ ಗಾಡಿ ಚಾಲೂ ಆದ ಕೂಡಲೇ ಸುತ್ತಿಗೆಯಿಂದ ಬಡಿದಂತಹ ಸದ್ದು ಬಂತು. ತಕ್ಷಣ ನಿಲ್ಲಿಸಿದರೂ, ಹೆಡ್ ಇಳಿಸಿದಾಗ ಪಿಸ್ಟನ್ನಿನ ತಲೆಯ ತುಂಬ ಗುಳಿ ಬಿದ್ದಿತ್ತು, ಒಂದು ವಾಲ್ವ್ ಬಾಗಿತ್ತು. ಗ್ಯಾಸ್ಕೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸ ಲೇತ್ ಅಂಗಡಿಯವರೆಗೆ ಹೋಯಿತು.

ಆದ್ದರಿಂದ ಟಾರ್ಕ್ ರೆಂಚಿನ (ನಿಗದಿತ ಬಲದಷ್ಟೇ ಬಿಗಿಮಾಡಲು ನೆರವಾಗುವ ಸ್ಪ್ಯಾನರಿನ) ಪ್ರಶ್ನೆ ನನಗೆ ಮುಖ್ಯವೆನಿಸುವುದಿಲ್ಲ. ಅದಿದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಚಿಕ್ಕ ಹಿಡಿಯ ಸ್ಪ್ಯಾನರಿನಿಂದ ನಡುವಿನ ನಟ್‌ಗಳಿಂದ ಆರಂಭಿಸಿ ಅಂಚಿನ ಕಡೆಗೆ ಎರಡು ಸುತ್ತಿನಲ್ಲಿ ಬಿಗಿಮಾಡಿ. ಹೆಡ್ ಅಲ್ಯೂಮಿನಿಯಮ್ಮಿನದು, ಬಲ ಹಾಕಿ ತಿರುಗಿಸಿದರೆ ಸ್ಟಡ್ ಹೆಡ್ಡಿನೊಳಗಿನ ತಿರುಪಿನ ಎಳೆಗಳನ್ನೇ (ಥ್ರೆಡ್) ಕಿತ್ತುಕೊಂಡು ಹೊರಬರಬಹುದು.

ನಿಮ್ಮ ಗ್ಯಾಸ್ಕೆಟ್ ಹೋಗಿದೆಯೆಂಬುದನ್ನೂ ನಾನು ಇನ್ನೂ ಒಪ್ಪುವುದಿಲ್ಲ. ನೀವು ಹೇಳಿರುವುದು ಐಡ್ಲಿಂಗ್ ಏರಿಳಿಯುತ್ತಿದೆ ಎಂದಷ್ಟೇ; ಸೀಳಿದ ವ್ಯಾಕ್ಯೂಮ್ ಹೋಸೊಂದು (ಮ್ಯಾನಿಫೋಲ್ಡಿಗೆ ಸೇರುವ ಸಣ್ಣ ರಬ್ಬರ್ ಕೊಳವೆ) ಇದ್ದರೂ ಹಾಗೆಯೇ ಆಗುತ್ತದೆ. ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿ, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ಅಂಚಿಗೆ, ಕಾರ್ಬುರೇಟರಿನ ಬುಡಕ್ಕೆ, ಒಂದೊಂದು ಹೋಸಿನ ತುದಿಗೆ ಸ್ವಲ್ಪ ಸ್ವಲ್ಪವೇ ಸೋಪಿನ ನೀರು ಸಿಂಪಡಿಸಿ; ಡಿಸ್ಟ್ರಿಬ್ಯೂಟರ್ ಮತ್ತು ಪ್ಲಗ್ ವೈರುಗಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಎಲ್ಲಿ ಸಿಂಪಡಿಸಿದಾಗ ಇಂಜಿನ್ನಿನ ಸದ್ದು ಬದಲಾಗುತ್ತದೆಯೋ ಅಲ್ಲಿ ಗಾಳಿ ಒಳಸೇರುತ್ತಿದೆ. ಹೆಡ್ಡಿನ ಅಂಚಿನಲ್ಲಿಯೇ ಬದಲಾದರೆ ಮಾತ್ರ ಬಿಚ್ಚಿ. ಬಿಚ್ಚಿದ ಕೂಡಲೇ ಮೂರು ಪೋರ್ಟುಗಳಿಗೂ ಬಟ್ಟೆ ತುರುಕಿ, ಅದರ ತುದಿಗಳು ಎದ್ದುಕಾಣುವಂತೆ ಹೊರಗೆ ಬಿಡಿ, ನಟ್ಟು ವಾಷರುಗಳನ್ನು ಎಣಿಸಿ ತಟ್ಟೆಯಲ್ಲಿಡಿ. ಒಂದು ಕಡಿಮೆ ಬಂದರೂ, ಅದು ಸಿಗುವವರೆಗೆ ಕೀಲಿ ತಿರುಗಿಸಬೇಡಿ.