ಭೂತಾನಿನ ಡ್ರುಕ್ ಏರ್ ಬೆಳೆದು ಬಂದ ದಾರಿ ಯಾವುದು?

ಭೂತಾನಿನ ರಾಷ್ಟ್ರೀಯ ವಿಮಾನ ಸಂಸ್ಥೆಯಾದ ಡ್ರುಕ್ ಏರ್ 1981ರಲ್ಲಿ, ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಆಜ್ಞೆಯಂತೆ ಸ್ಥಾಪನೆಯಾಯಿತು. ಅದರ ಮೊದಲ ವಿಮಾನ 1983ರ ಫೆಬ್ರವರಿಯಲ್ಲಿ ಭೂತಾನಿನ ಪಾರೋ ಕಣಿವೆಯಲ್ಲಿರುವ ವಿಮಾನ ನಿಲ್ದಾಣದಿಂದ ಕಲ್ಕತ್ತೆಗೆ ಹಾರಿತು. ಆ ಡಾರ್ನಿಯರ್ 228 ವಿಮಾನದಲ್ಲಿ ಇಪ್ಪತ್ತು ಜನರಿಗೂ ಜಾಗವಿರಲಿಲ್ಲ.

ಈ ಸಂಸ್ಥೆಯ ಚರಿತ್ರೆಯನ್ನು ರೂಪಿಸಿದ್ದು ಮಾರುಕಟ್ಟೆಗಿಂತ ಹೆಚ್ಚಾಗಿ ಪಾರೋ ಕಣಿವೆ ಎಂಬುದು ನನ್ನ ಅಭಿಪ್ರಾಯ. ಸಮುದ್ರಮಟ್ಟದಿಂದ ಸುಮಾರು 2,235 ಮೀಟರ್ ಎತ್ತರದಲ್ಲಿರುವ ಆ ನಿಲ್ದಾಣದಲ್ಲಿ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ ಸಿಗುತ್ತದೆ. ಹಾಗಾಗಿ ಹೊತ್ತೊಯ್ಯುವ ಭಾರಕ್ಕೆ ಮಿತಿಯಿದೆ. ಇಳಿಯುವಾಗ ಪೈಲಟ್ ಬೆಟ್ಟಗಳ ನಡುವೆ ಕಣ್ಣಳತೆಯಲ್ಲೇ ವಿಮಾನವನ್ನು ತಿರುಗಿಸುತ್ತಾ ಬರಬೇಕು, ರನ್‌ವೇ ಕಾಣಿಸುವುದು ಕೊನೆಯ ಗಳಿಗೆಯಲ್ಲಿ. ಪ್ರಯಾಣಿಕರ ವಿಮಾನಗಳು ಹಗಲಿನಲ್ಲಷ್ಟೇ ಓಡಾಡುತ್ತಾ ಬಂದಿರುವುದೂ ಇದೇ ಕಾರಣಕ್ಕೆ.

1988ರಲ್ಲಿ ಬಂದ ಬಿಎಇ 146 ಜೆಟ್ ಈ ಕಣಿವೆಗೆ ಒಪ್ಪುವ ಆಯ್ಕೆಯಾಗಿತ್ತು: ಚಿಕ್ಕ ರನ್‌ವೇ ಸಾಕಾಗುವ ಅದಕ್ಕೆ ನಾಲ್ಕು ಎಂಜಿನ್‌ಗಳಿದ್ದುದರಿಂದ, ಒಂದು ಕೈಕೊಟ್ಟರೂ ಬೆಟ್ಟ ದಾಟುವಷ್ಟು ಶಕ್ತಿ ಉಳಿಯುತ್ತಿತ್ತು. ಆ ಬಳಿಕ ದೆಹಲಿ, ಕಠ್ಮಂಡು, ಬ್ಯಾಂಕಾಕ್‌ಗಳಿಗೆ ಸೇವೆ ವಿಸ್ತರಿಸಿತು. 2004ರಲ್ಲಿ ಎರಡು ಏರ್‌ಬಸ್ ಎ319 ವಿಮಾನಗಳೂ 2020ರಲ್ಲಿ ಎ320ನಿಯೋ ವಿಮಾನವೂ ಸೇರಿದವು. 2011ರಲ್ಲಿ ಬುಮ್ತಾಂಗ್‌ನಂಥ ಒಳನಾಡಿಗೂ ವಿಮಾನಯಾನ ಆರಂಭವಾಯಿತು.

ನೀವು ದೆಹಲಿಯಿಂದ ಪಾರೋಗೆ ಹೋಗುವುದಾದರೆ ಎಡಗಡೆಯ ಕಿಟಕಿ ಸೀಟನ್ನೇ ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್ ಆ ಕಡೆಯೇ ಕಾಣಿಸುತ್ತದೆ.