150 ಪಿಎಸ್‌ಐ ಟ್ಯಾಂಕಿನ ಗಾಳಿಯನ್ನು ಡಿಫರೆನ್ಷಿಯಲ್ ಲಾಕರ್‌ಗೆ ನೇರ ಕೊಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರದ ಕಡೆ ಎರೆಹೊಲಕ್ಕೆ ಓಡಾಡುವ ಹಳೇ ಮಹೀಂದ್ರ ಜೀಪಿನ ಹಿಂದಿನ ಆಕ್ಸಲ್‌ಗೆ ಏರ್ ಲಾಕರ್ (ಗಾಳಿಯ ಒತ್ತಡದಿಂದ ಡಿಫರೆನ್ಷಿಯಲ್ಲನ್ನು ಬಿಗಿದು, ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಸಾಧನ) ಕೂಡಿಸಿದ್ದೀರಿ. ಟಯರಿಗೆ ಗಾಳಿ ತುಂಬಲು ಒಂದು ಟ್ಯಾಂಕು ಇದೆ, ಅದರ ಕಂಪ್ರೆಸರ್ 150 ಪಿಎಸ್‌ಐಗೆ ನಿಲ್ಲುತ್ತದೆ. ಅದೇ ಗಾಳಿಯನ್ನು ಲಾಕರ್‌ಗೆ ನೇರ ಬಿಟ್ಟರೆ ನಡೆಯುತ್ತದೆಯೇ, ಇಲ್ಲಾ ನಡುವೆ ಒತ್ತಡ ಇಳಿಸಿ ಹಿಡಿದಿಡುವ ರೆಗ್ಯುಲೇಟರ್ ಬೇಕೇ?

ಬೇಕು. ನಾನು ಬೆಳಗಾವಿಯವನು, ನನ್ನ ಜೀಪಿಗೆ ಒಂದು ಇಡೀ ಮಳೆಗಾಲ ನೇರ ಗಾಳಿಯನ್ನೇ ಬಿಟ್ಟಿದ್ದೆ. ಜಾಂಬೋಟಿ ಆಚೆಯ ಕೆಂಪು ಕೆಸರಿನಲ್ಲಿ ಲಾಕರ್ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಚೋರ್ಲಾ ಘಾಟ್ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯತೊಡಗಿತು. ಮನೆಗೆ ಬಂದು ಹಿಂದಿನ ಡ್ರಮ್ ಬಿಚ್ಚಿದರೆ ಬ್ರೇಕ್ ಶೂ ಗೇರ್ ಆಯಿಲ್‌ನಲ್ಲಿ ತೊಯ್ದಿತ್ತು. ಆಕ್ಸಲ್ ಸೀಲ್ ಹೋಗಿದೆ ಎಂದು ಹೊಸದು ಹಾಕಿದೆ, ಎರಡು ವಾರಕ್ಕೆ ಮತ್ತೆ ಅದೇ. ಕೊನೆಗೆ ಉದ್ಯಮಬಾಗದಲ್ಲಿ ಹೈಡ್ರಾಲಿಕ್ಸ್ ಕೆಲಸ ಮಾಡುವ ಒಬ್ಬ ಹಿರಿಯರು ಕೇಳಿದರು, "ಒಳಗ ಗಾಳಿ ಎಷ್ಟ್ ಬಿಡಾಕತ್ತೀರಿ?" ಆ ಪ್ರಶ್ನೆಯಿಂದಲೇ ನನಗೆ ವಿಷಯ ತಿಳಿದದ್ದು.

ಲಾಕರ್‌ನೊಳಗೆ ಆಗುವುದು ಹೀಗೆ. ಆಕ್ಸಲ್ ಹೌಸಿಂಗ್, ಅಂದರೆ ಹೊರಕವಚ, ನಿಂತಿರುತ್ತದೆ; ಒಳಗೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಕೇಸ್, ತಿರುಗುತ್ತಿರುತ್ತದೆ. ನಿಂತ ಕೊಳವೆಯಿಂದ ತಿರುಗುವ ಕೇಸಿಗೆ ಗಾಳಿ ದಾಟಬೇಕಲ್ಲ, ಅದಕ್ಕೆ ಬೇರಿಂಗ್ ಪಕ್ಕ ಒಂದು ಸೀಲ್ ಹೌಸಿಂಗ್ ಇರುತ್ತದೆ. ಅದರೊಳಗೆ ಎರಡು ಸಣ್ಣ ಓ-ರಿಂಗ್. ಆ ಎರಡು ರಬ್ಬರ್ ಬಳೆಗಳ ನಡುವಿನ ಸಂದಿಯಿಂದ ಗಾಳಿ ಒಳಹೊಕ್ಕು ಪಿಸ್ಟನ್ನನ್ನು ತಳ್ಳುತ್ತದೆ, ಆಗ ಲಾಕಿನ ಹಲ್ಲುಗಳು ಕಚ್ಚಿ ಸೈಡ್ ಗೇರ್ (ಚಕ್ರದ ಕಡೆಯ ಆಕ್ಸಲ್ಲನ್ನು ತಿರುಗಿಸುವ ಗೇರ್) ಮತ್ತು ಕೇಸ್ ಒಂದಾಗುತ್ತವೆ. ಎಂಜಿನ್ನಿನ ಶಕ್ತಿಯನ್ನು ಹೊರುವುದು ಆ ಉಕ್ಕಿನ ಹಲ್ಲುಗಳು. ಗಾಳಿಯ ಕೆಲಸ ಹಲ್ಲನ್ನು ಜಾಗದಲ್ಲಿ ಒತ್ತಿ ಹಿಡಿಯುವುದು ಮಾತ್ರ. ಹೀಗಾಗಿ ಒತ್ತಡ ಹೆಚ್ಚಿಸಿದರೆ ಲಾಕ್ ಗಟ್ಟಿಯಾಗುವುದಿಲ್ಲ, ಓ-ರಿಂಗ್ ಬೇಗ ಸವೆಯುತ್ತದೆ. ಸವೆದ ಮೇಲೆ ಗಾಳಿ ಆಕ್ಸಲ್ ಹೌಸಿಂಗಿಗೆ ನುಗ್ಗುತ್ತದೆ. ಬ್ರೀದರ್ (ಹೌಸಿಂಗಿನ ಗಾಳಿ ಹೊರಹೋಗಲು ಇರುವ ಸಣ್ಣ ದಾರಿ) ಕಟ್ಟಿಕೊಂಡಿದ್ದರೆ ಆ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಆಯಿಲ್ಲನ್ನು ಚಕ್ರದ ಸೀಲಿನಿಂದ ಹೊರದೂಡುತ್ತದೆ. ನನ್ನ ಬ್ರೇಕ್ ತೊಯ್ದದ್ದು ಹೀಗೆ. ಕೆಟ್ಟದ್ದು ಆಕ್ಸಲ್ ಸೀಲ್ ಆಗಿರಲೇ ಇಲ್ಲ.

ಒತ್ತಡ ಎಷ್ಟಿರಬೇಕು? ನನ್ನ ಲಾಕರ್ ಜೊತೆ ಬಂದ ಕಾಗದದಲ್ಲಿ 85ರಿಂದ 105 ಪಿಎಸ್‌ಐ ಎಂದಿದೆ. ನಿಮ್ಮದರ ಕಾಗದ ಏನು ಹೇಳುತ್ತದೋ ಅದೇ ನಿಮಗೆ ಪ್ರಮಾಣ, ನನ್ನ ಅಂಕಿ ಅಲ್ಲ. ನಾನು 95ಕ್ಕೆ ಇಟ್ಟಿದ್ದೇನೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಗೇಜಿನಲ್ಲಿ ಬಹಳ ಸಲ ಕೆ.ಜಿ. ಲೆಕ್ಕ ಇರುತ್ತದೆ: ಚದರ ಸೆಂಟಿಮೀಟರಿಗೆ 6 ಕೆ.ಜಿ. ಎಂದರೆ ಸುಮಾರು 85 ಪಿಎಸ್‌ಐ, 7 ಎಂದರೆ ಸುಮಾರು 100. ತೀರ ಕಡಿಮೆಯೂ ಇರಬಾರದು. ಹಲ್ಲು ಅರ್ಧ ಮಾತ್ರ ಕಚ್ಚಿದಾಗ ನೀವು ಆಕ್ಸಿಲರೇಟರ್ ಒತ್ತಿದರೆ ಹಲ್ಲಿನ ಅಂಚು ಮುರಿಯುತ್ತದೆ, ಮುರಿದ ಚೂರು ಆಯಿಲ್ಲಿನಲ್ಲಿ ಸುತ್ತುತ್ತಾ ಉಳಿದ ಗೇರುಗಳನ್ನೂ ತಿನ್ನುತ್ತದೆ.

ಟ್ಯಾಂಕಿನ ಒತ್ತಡ ಇಳಿಸಬೇಡಿ, ಅದು ಟಯರಿಗೆ ಬೇಕು. ಟ್ಯಾಂಕಿನಿಂದ ಎರಡು ಕವಲು ತೆಗೆಯಿರಿ. ಒಂದು ನೇರವಾಗಿ ಟಯರ್ ಪೈಪಿಗೆ. ಇನ್ನೊಂದು ಫಿಲ್ಟರಿಗೆ, ಫಿಲ್ಟರಿನಿಂದ ರೆಗ್ಯುಲೇಟರಿಗೆ, ಅಲ್ಲಿಂದ ಸ್ವಿಚ್ ಹಾಕಿದರೆ ಕರೆಂಟಿನಿಂದ ತೆರೆಯುವ ಸೋಲೆನಾಯ್ಡ್ ವಾಲ್ವಿಗೆ, ಆಮೇಲೆ ಲಾಕರಿಗೆ. ರೆಗ್ಯುಲೇಟರನ್ನು ಸೋಲೆನಾಯ್ಡ್ ಆದ ಮೇಲೆ ಹಾಕಬೇಡಿ. ಸ್ವಿಚ್ ಆರಿಸಿದಾಗ ಲಾಕರಿನ ಗಾಳಿ ಸೋಲೆನಾಯ್ಡಿನ ತೂತಿನಿಂದ ತಟ್ಟನೆ ಹೊರಬರಬೇಕು, ನಡುವೆ ರೆಗ್ಯುಲೇಟರ್ ಅಡ್ಡ ನಿಂತರೆ ಲಾಕ್ ತಡವಾಗಿ ಬಿಡುತ್ತದೆ. ಲಾಕರ್ ಕುಡಿಯುವ ಗಾಳಿ ಬಲು ಸ್ವಲ್ಪ, ಕಾಲು ಇಂಚಿನ ಸಣ್ಣ ರೆಗ್ಯುಲೇಟರ್ ಧಾರಾಳ ಸಾಕು.

ಕೊಳ್ಳುವಾಗ ಒಂದು ಮಾತನ್ನು ಒತ್ತಿ ಕೇಳಿ: ಇದು ರಿಲೀವಿಂಗ್ ಮಾದರಿಯೇ? ರೆಗ್ಯುಲೇಟರಿನ ಒಳಗಿನ ಸೀಟಿನ ಮೇಲೆ ಒಂದು ಹರಳು ಮಣ್ಣು ಕೂತರೂ ಗಾಳಿ ಸಣ್ಣಗೆ ಜಿನುಗುತ್ತದೆ. ರಿಲೀವಿಂಗ್ ಅಲ್ಲದ್ದಾದರೆ ಆ ಜಿನುಗು ಆಚೆ ಸಂಗ್ರಹವಾಗಿ, ಸ್ವಲ್ಪ ಹೊತ್ತಿನಲ್ಲಿ ಲಾಕರಿನ ಕಡೆಯೂ 150 ಆಗಿರುತ್ತದೆ. ನೀವು ಒತ್ತಡ ಹೊಂದಿಸಲು ತಿರುಗಿಸುವ ರೆಗ್ಯುಲೇಟರಿನ ಗುಬ್ಬಿ ಮಾತ್ರ 95ರಲ್ಲೇ ಇರುತ್ತದೆ. ರಿಲೀವಿಂಗ್ ಆದರೆ ಹೆಚ್ಚಾದ ಗಾಳಿಯನ್ನು ತಾನೇ ಹೊರಬಿಡುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಆಚೆ ತುದಿ ಮುಚ್ಚಿ, ಗಾಳಿ ಕೊಟ್ಟು, ಗುಬ್ಬಿಯನ್ನು ಹಿಂದಕ್ಕೆ ತಿರುಗಿಸಿ. 'ಸುಸ್' ಎಂದು ಗೇಜ್ ಇಳಿದರೆ ತೆಗೆದುಕೊಳ್ಳಿ, ಮುಳ್ಳು ಅಲ್ಲೇ ನಿಂತರೆ ವಾಪಸು ಕೊಡಿ.

ನಿಮ್ಮ ಊರಿನ ಬಿಸಿಲಿನ ಲೆಕ್ಕವನ್ನೂ ಹಿಡಿಯಬೇಕು. 30 ಡಿಗ್ರಿಯಲ್ಲಿ 150ಕ್ಕೆ ತುಂಬಿದ ಟ್ಯಾಂಕು ಬಾನೆಟ್ಟಿನ ಕಾವಿಗೆ 60 ಡಿಗ್ರಿ ಆದರೆ ಒಳಗಿನ ಒತ್ತಡ 165ರ ಮೇಲೆ ಹೋಗುತ್ತದೆ, ಕಂಪ್ರೆಸರ್ ಓಡದೆಯೇ. ಟ್ಯಾಂಕಿಗೆ ಸೇಫ್ಟಿ ವಾಲ್ವ್ ಇಲ್ಲದಿದ್ದರೆ ಲಾಕರ್ ವಿಚಾರ ಬದಿಗಿಟ್ಟು ಮೊದಲು ಅದನ್ನು ಹಾಕಿಸಿ. ಕೆಲವರು ಗಾಳಿ ಟ್ಯಾಂಕಿನ ಬದಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡುತ್ತಾರೆ. ಅದರಲ್ಲಿ 20 ಡಿಗ್ರಿಗೇ ಸುಮಾರು 830 ಪಿಎಸ್‌ಐ ಇರುತ್ತದೆ, ಬಿಸಿಲು ಏರಿದಂತೆ ಇನ್ನೂ ಏರುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಮುಚ್ಚಿದ ಜೀಪಿನೊಳಗೆ ಅದನ್ನು ಇಡಲು ನಾನಂತೂ ಹೇಳಲಾರೆ.

ಫಿಲ್ಟರಿನ ಕೆಳಗಿನ ಬಟ್ಟಲು ಕಬ್ಬಿಣದ್ದೋ ಅಲ್ಯುಮಿನಿಯಮ್ಮಿನದ್ದೋ ಇರಲಿ. ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು ಕಾರ್ಖಾನೆಯ ಗೋಡೆಗೆ ಸರಿ, ಎಂಜಿನ್ ಕಾವಿಗೆ, ಥಿನ್ನರ್ ಸೋಕಿದರೆ ಬಿರಿಯುತ್ತದೆ. ವಾರಕ್ಕೊಮ್ಮೆ ಟ್ಯಾಂಕಿನ ನೀರು ಬಸಿಯಿರಿ. ಆಯಿಲ್ ಬೆರೆಸುವ ಲೂಬ್ರಿಕೇಟರ್ ಬೇಡ, ಅಂಗಡಿಯವರು ಮೂರೂ ಸೇರಿದ ಸೆಟ್ ತೋರಿಸಿದರೂ ಫಿಲ್ಟರ್, ರೆಗ್ಯುಲೇಟರ್ ಎರಡನ್ನೇ ತೆಗೆದುಕೊಳ್ಳಿ.

ಹೊಂದಿಸುವ ಕ್ರಮ: ಗುಬ್ಬಿಯನ್ನು ಪೂರ್ತಿ ಸಡಿಲಿಸಿ, ಗಾಳಿ ಬಿಟ್ಟು, ಕೆಳಗಿನಿಂದ ಮೇಲಕ್ಕೆ 95ರವರೆಗೆ ನಿಧಾನ ಏರಿಸಿ. ದಾಟಿ ಹೋದರೆ 80ಕ್ಕೆ ಇಳಿಸಿ ಮತ್ತೆ ಏರಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಅಂಕಿ ನಿಲ್ಲುವುದಿಲ್ಲ. ಆಮೇಲೆ ಗುಬ್ಬಿಯ ಲಾಕ್ ನಟ್ ಬಿಗಿಮಾಡಿ, ಇಲ್ಲದಿದ್ದರೆ ಎರೆಹೊಲದ ಕುಲುಕಾಟಕ್ಕೆ ಗುಬ್ಬಿ ತಾನಾಗಿ ತಿರುಗುತ್ತದೆ. ಮಧ್ಯಾಹ್ನ ಎಂಜಿನ್ ಬಿಸಿಯಾದಾಗ ಗೇಜನ್ನು ಇನ್ನೊಮ್ಮೆ ನೋಡಿ.

ಈಗಾಗಲೇ ನೇರ ಗಾಳಿಯಲ್ಲಿ ಓಡಿಸಿದ್ದರೆ ಓ-ರಿಂಗ್ ಉಳಿದಿದೆಯೇ ಎಂದು ತಿಳಿಯಲು ಆಕ್ಸಲ್ ಬಿಚ್ಚಬೇಕಿಲ್ಲ. ಬ್ರೀದರ್ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಒಂದು ಬೆರಳಷ್ಟು ಮುಳುಗಿಸಿ, ಗಾಡಿ ತಣ್ಣಗಿರುವಾಗ ಎಂಜಿನ್ ಆರಿಸಿ ಲಾಕರ್ ಸ್ವಿಚ್ ಹಾಕಿ. ಗುಳ್ಳೆ ಬಿಡದೆ ಏಳುತ್ತಿದ್ದರೆ ಸೀಲ್ ಹೌಸಿಂಗ್ ಸೋರುತ್ತಿದೆ. ಗುಳ್ಳೆಯೇ ಇಲ್ಲ, ಆದರೂ ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತಿದೆ ಎಂದರೆ ಹೊರಗಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಸೋಲೆನಾಯ್ಡಿನ ತೂತಿನಿಂದ ಆಯಿಲ್ ಉಗುಳುತ್ತಿದ್ದರೆ ಮೊದಲು ಬ್ರೀದರ್ ತೆಗೆದು ಊದಿ. ಡೋಣಿ ನದಿ ದಂಡೆಯ ಕರಿಮಣ್ಣು ಒಮ್ಮೆ ಒಣಗಿ ಕೂತರೆ ಸಿಮೆಂಟು ಇದ್ದಂತೆ, ಒಳಗಿನ ಕಾವಿಗೆ ಉಬ್ಬಿದ ಗಾಳಿ ಆಯಿಲ್ಲನ್ನು ಲಾಕರಿನ ಕೊಳವೆಯಲ್ಲೇ ಮೇಲಕ್ಕೆ ತಳ್ಳುತ್ತದೆ. ಬ್ರೀದರ್ ಪೈಪನ್ನು ಉದ್ದ ಮಾಡಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿದ ಮೇಲೆ ನನ್ನ ಜೀಪಿಗೆ ಆ ತೊಂದರೆ ಮತ್ತೆ ಬಂದಿಲ್ಲ.