ಲಿಂಕ್‌ಗೆ (LINQ) ನಮ್ಮದೇ ಹೆಲ್ಪರ್ ಮೆಥಡ್ ಬರೆದರೆ ಡೇಟಾಬೇಸ್ ಮೇಲೆ ಯಾಕೆ ನಿಧಾನ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಸಿ ಶಾರ್ಪ್ (C#) ಪ್ರಾಜೆಕ್ಟ್‌ನಲ್ಲಿ, ಡೇಟಾ ಸೋಸಲು ಆ ಭಾಷೆಯಲ್ಲೇ ಇರುವ ಲಿಂಕ್ ಬಳಸುವಾಗ, "ರದ್ದಾಗದ, ಹಣ ಬಂದಿರುವ ಆರ್ಡರ್‌ಗಳು" ಅನ್ನುವ ಒಂದೇ ಕಂಡೀಷನ್ ಎಷ್ಟೋ ಕಡೆ ಬರುತ್ತಿತ್ತು. ಅದಕ್ಕೊಂದು ಎಕ್ಸ್‌ಟೆನ್ಷನ್ ಮೆಥಡ್ (ಈಗಾಗಲೇ ಇರುವ ಟೈಪ್‌ಗೆ ಹೊರಗಿನಿಂದ ಸೇರಿಸುವ ಮೆಥಡ್) ಬರೆದಿರಿ. ಲಿಸ್ಟ್ ಮೇಲೆ ಚೆನ್ನಾಗಿ ಓಡುತ್ತದೆ. ಅದನ್ನೇ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ (ಸಿ ಶಾರ್ಪ್ ಕೋಡ್‌ನಿಂದ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಲೈಬ್ರರಿ) ಟೇಬಲ್ ಮೇಲೆ ಕರೆದರೆ ಉತ್ತರ ಸರಿಯಾಗಿ ಬರುತ್ತದೆ, ಆದರೆ ವಿಪರೀತ ನಿಧಾನ. ಹೀಗೆ ಸ್ವಂತ ಮೆಥಡ್ ಬರೆಯುವುದೇ ತಪ್ಪಾ ಅಂತ ಕೇಳಿದ್ದೀರಿ.

ತಪ್ಪಲ್ಲ. ಖಂಡಿತ ಬರೆಯಿರಿ. ಒಂದು ನಿಯಮ ಹತ್ತು ಕಡೆ ಹರಡಿಕೊಂಡಿದ್ದರೆ, ಅದು ಬದಲಾದ ದಿನ ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆಯುತ್ತೇವೆ. ನಿಮ್ಮ ಮೆಥಡ್‌ನ ಒಳಗಿನ ಲಾಜಿಕ್ ಸರಿಯಾಗಿಯೇ ಇದೆ, ಆದರೆ ಅದರ ಮೊದಲ ಸಾಲು ನೋಡಿ. ಅದು ಐಎನ್ಯೂಮರಬಲ್ (ಒಂದೊಂದಾಗಿ ಸುತ್ತಬಹುದಾದ ಸಂಗ್ರಹ) ತೆಗೆದುಕೊಂಡು ಐಎನ್ಯೂಮರಬಲ್ ವಾಪಸ್ ಕೊಡುತ್ತಿದೆ. ಎರಡನ್ನೂ ಐಕ್ವೆರಿಯಬಲ್ (ಡೇಟಾಬೇಸ್‌ಗೆ ಕಳಿಸಬಹುದಾದ, ಇನ್ನೂ ಓಡದ ಕ್ವೆರಿ) ಮಾಡಿ. ನಿಧಾನ ಆಗುವುದು ಅಲ್ಲಿಗೇ ನಿಲ್ಲಬೇಕು.

ಯಾಕೆ ಅಂತ ತಿಳಿದುಕೊಳ್ಳುವುದು ಮುಖ್ಯ, ಇಲ್ಲದಿದ್ದರೆ ಇದೇ ತೊಂದರೆ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ. 2007ರಲ್ಲಿ ಸಿ ಶಾರ್ಪ್ 3.0 ಜೊತೆ ಲಿಂಕ್ ಬಂದಾಗಿನಿಂದಲೂ, ಸೋಸುವ ಕೆಲಸದ "ವೇರ್" ಅನ್ನುವ ಮೆಥಡ್ ಎರಡು ಕ್ಲಾಸ್‌ಗಳಲ್ಲಿ ಇದೆ. ಒಂದು ಎನ್ಯೂಮರಬಲ್ ಕ್ಲಾಸ್‌ನಲ್ಲಿ, ಇನ್ನೊಂದು ಕ್ವೆರಿಯಬಲ್ ಕ್ಲಾಸ್‌ನಲ್ಲಿ. ಮೊದಲನೆಯದು ಫಂಕ್ ತೆಗೆದುಕೊಳ್ಳುತ್ತದೆ. ಅಂದರೆ ಕಂಪೈಲ್ ಆಗಿ ಮುಗಿದ ಕೋಡ್. ಅದನ್ನು ಓಡಿಸಬಹುದು, ಒಳಗೆ ಏನಿದೆ ಅಂತ ಓದಲು ಆಗುವುದಿಲ್ಲ. ಎರಡನೆಯದು ಎಕ್ಸ್‌ಪ್ರೆಷನ್ ತೆಗೆದುಕೊಳ್ಳುತ್ತದೆ. ಅದು ಕಂಡೀಷನ್‌ನ ಒಂದು ಟ್ರೀ. ಎಂಟಿಟಿ ಫ್ರೇಮ್‌ವರ್ಕ್ ಆ ಟ್ರೀಯನ್ನು ಓದಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಅರ್ಥವಾಗುವ ಭಾಷೆ) ಬರೆಯುತ್ತದೆ.

ನಾವು ಬರೆಯುವ ಲ್ಯಾಂಬ್ಡಾ (ಕಂಡೀಷನ್ ಹೇಳುವ, ಹೆಸರಿಲ್ಲದ ಚಿಕ್ಕ ಫಂಕ್ಷನ್) ಎರಡು ಕಡೆಯೂ ಅಕ್ಷರ ಅಕ್ಷರ ಒಂದೇ. ಯಾವ "ವೇರ್" ಅನ್ನುವುದನ್ನು ಕಂಪೈಲರ್ ನಿರ್ಧರಿಸುವುದು ವೇರಿಯಬಲ್‌ಗೆ ಬರೆದಿರುವ ಟೈಪ್ ನೋಡಿ. ರನ್ ಆಗುವಾಗ ಒಳಗೆ ನಿಜವಾಗಿ ಏನಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಡಿಬಿಸೆಟ್ (ಕೋಡ್‌ನಲ್ಲಿ ಟೇಬಲ್ ಅನ್ನು ಪ್ರತಿನಿಧಿಸುವ ಟೈಪ್) ಕೂಡ ಒಂದು ಐಎನ್ಯೂಮರಬಲ್ಲೇ ಆಗಿರುವುದರಿಂದ ನಿಮ್ಮ ಮೆಥಡ್ ಒಳಗೆ ತಕರಾರಿಲ್ಲದೆ ಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಮೆಮೊರಿಯಲ್ಲೇ. ಕಳಿಸಿದ ಎಸ್‌ಕ್ಯೂಎಲ್‌ನಲ್ಲಿ ವೇರ್ ಇರುವುದಿಲ್ಲ, ಪೂರ್ತಿ ಟೇಬಲ್ ನಿಮ್ಮ ಪ್ರೋಗ್ರಾಮ್‌ಗೆ ಬರುತ್ತದೆ, ಆಮೇಲೆ ಒಂದೊಂದೇ ಸಾಲು ಸೋಸುತ್ತದೆ. ಕೊನೆಯಲ್ಲಿ ಕೌಂಟ್ ಕರೆದಿದ್ದರೂ ಅಷ್ಟೇ. ಒಂದು ಸಂಖ್ಯೆಗೋಸ್ಕರ ಎಲ್ಲ ಸಾಲುಗಳನ್ನೂ ಎಳೆದುಕೊಳ್ಳುತ್ತದೆ.

ಇದನ್ನು ಪರೀಕ್ಷಿಸಲು ನನಗೆ ತುಂಬ ಇಷ್ಟವಾದ ದಾರಿ ಒಂದಿದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ 5ರಿಂದ "ಟು ಕ್ವೆರಿ ಸ್ಟ್ರಿಂಗ್" ಅನ್ನುವ ಮೆಥಡ್ ಇದೆ. ನಿಮ್ಮ ಸರಪಳಿಯ ಕೊನೆಗೆ, ಎಲ್ಲವನ್ನೂ ಲಿಸ್ಟ್ ಆಗಿ ತರುವ ಟು ಲಿಸ್ಟ್ ಬದಲು ಅದನ್ನು ಕರೆಯಿರಿ. ಸರಪಳಿ ಇನ್ನೂ ಐಕ್ವೆರಿಯಬಲ್ ಆಗಿದ್ದರೆ ಎಸ್‌ಕ್ಯೂಎಲ್ ಕಣ್ಣೆದುರು ಬರುತ್ತದೆ. ನಡುವೆ ಎಲ್ಲೋ ಐಎನ್ಯೂಮರಬಲ್ ಆಗಿಬಿಟ್ಟಿದ್ದರೆ ಆ ಸಾಲು ಕಂಪೈಲ್ ಆಗುವುದೇ ಇಲ್ಲ. ಆಗ ಸರಪಳಿಯ ಒಂದೊಂದೇ ಮೆಥಡ್ ಹಿಂದಕ್ಕೆ ಬಂದು ಕರೆದು ನೋಡಿ, ಎಲ್ಲಿ ಕೆಂಪು ಗೆರೆ ಹೋಗುತ್ತದೋ ಅದರ ಮುಂದಿನದ್ದೇ ಕಾರಣ.

ಇನ್ನೊಂದು ಸಾಮಾನ್ಯ ಎಡವಟ್ಟು: ಹೆಲ್ಪರ್ ಅನ್ನು ಬೂಲ್ (ಟ್ರೂ ಅಥವಾ ಫಾಲ್ಸ್) ಕೊಡುವ ಮೆಥಡ್ ಆಗಿ ಬರೆದು, "ವೇರ್" ಒಳಗಿನ ಲ್ಯಾಂಬ್ಡಾದಿಂದ ಕರೆಯುವುದು. ಎಂಟಿಟಿ ಫ್ರೇಮ್‌ವರ್ಕ್‌ಗೆ ಕಾಣುವುದು ಮೆಥಡ್‌ನ ಹೆಸರು ಮಾತ್ರ, ಒಳಗಿನ ಕೋಡ್ ಕಾಣುವುದಿಲ್ಲ. ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಹಳೆಯ ವರ್ಷನ್‌ಗಳು ಸುಮ್ನೆ ಎಲ್ಲ ಡೇಟಾ ತಂದು ಮೆಮೊರಿಯಲ್ಲಿ ಸೋಸುತ್ತಿದ್ದವು. 2019ರ 3.0 ವರ್ಷನ್‌ನಿಂದ ಎಕ್ಸೆಪ್ಷನ್ ಎಸೆಯುತ್ತದೆ. ಇದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ, ಸಮಸ್ಯೆ ಮೊದಲ ದಿನವೇ ಗೊತ್ತಾಗುತ್ತದೆ ಅಲ್ವಾ. ಆದ್ದರಿಂದ ಹೆಲ್ಪರ್ ಬರೆದರೆ ಕ್ವೆರಿ ತೆಗೆದುಕೊಂಡು ಕ್ವೆರಿ ಕೊಡುವ ಹಾಗೆ ಬರೆಯಿರಿ.

ಆ ರೂಪದಲ್ಲಿ ನಾನು ಎಲ್ಲ ಪ್ರಾಜೆಕ್ಟ್‌ಗಳಲ್ಲೂ ಇಟ್ಟುಕೊಳ್ಳುವ ಮೆಥಡ್ "ವೇರ್‌ಇಫ್". ಮೂರು ಪ್ಯಾರಾಮೀಟರ್: ಕ್ವೆರಿ, ಒಂದು ಬೂಲ್, ಒಂದು ಎಕ್ಸ್‌ಪ್ರೆಷನ್. ಬೂಲ್ ಟ್ರೂ ಆದರೆ ಕ್ವೆರಿಗೆ ಆ "ವೇರ್" ಸೇರಿಸಿ ಕೊಡುತ್ತದೆ, ಫಾಲ್ಸ್ ಆದರೆ ಬಂದದ್ದನ್ನು ಬಂದ ಹಾಗೇ ಕೊಡುತ್ತದೆ. ಇಷ್ಟೇ. ಹೆಸರು, ದಿನಾಂಕ, ಸ್ಥಿತಿ ಅಂತ ಆರೇಳು ಫಿಲ್ಟರ್ ಇರುವ ಹುಡುಕಾಟದ ಪುಟದಲ್ಲಿ ಬಳಕೆದಾರರು ಎರಡನ್ನೇ ತುಂಬಿದರೆ, ಎಸ್‌ಕ್ಯೂಎಲ್‌ನಲ್ಲೂ ಎರಡೇ ಕಂಡೀಷನ್ ಹೋಗುತ್ತವೆ. ಉದ್ದುದ್ದದ ಇಫ್‌ಗಳ ಸಾಲು ಮಾಯವಾಗುತ್ತದೆ.

ಪೂರ್ತಿ ಮೆಮೊರಿಯಲ್ಲಿರುವ ಡೇಟಾಕ್ಕೆ ಬರೆಯುವುದಾದರೆ ಐಎನ್ಯೂಮರಬಲ್ಲೇ ಸರಿ. ಅಲ್ಲಿ ನೋಡಬೇಕಾದ್ದು ಬೇರೆ. ಮೆಥಡ್ ಒಳಗೆ ಟು ಲಿಸ್ಟ್ ಕರೆಯಬೇಡಿ, ಕೇಳಿದಾಗ ಒಂದೊಂದೇ ಸಾಲು ಕೊಡುವ ಯೀಲ್ಡ್ ರಿಟರ್ನ್ ಬಳಸಿ. ಆಗ ನಿಮ್ಮ ಮೆಥಡ್ ಆದಮೇಲೆ ಯಾರಾದರೂ ಟೇಕ್ 5 ಅಂದರೆ, ಐದು ಸಿಕ್ಕ ತಕ್ಷಣ ಹುಡುಕಾಟ ನಿಲ್ಲುತ್ತದೆ. ಟು ಲಿಸ್ಟ್ ಇದ್ದರೆ ಆ ಐದಕ್ಕೋಸ್ಕರ ಕೊನೆಯ ಸಾಲಿನವರೆಗೂ ಹೋಗುತ್ತದೆ. ಬಂದ ಸಂಗ್ರಹವನ್ನು ಎರಡು ಸಲ ಸುತ್ತಬೇಡಿ ಕೂಡ. ಮೊದಲು ಏನಾದರೂ ಇದೆಯಾ ಅಂತ ನೋಡಲು ಎನಿ ಕರೆದು ಆಮೇಲೆ ಫಾರ್‌ಈಚ್ ಹಾಕಿದರೆ, ಒಳಗಿರುವುದು ಡೇಟಾಬೇಸ್ ಕ್ವೆರಿ ಆಗಿದ್ದ ಪಕ್ಷದಲ್ಲಿ ಎರಡು ಸಲ ಡೇಟಾಬೇಸ್‌ಗೆ ಹೋಗುತ್ತದೆ.

ಯೀಲ್ಡ್ ಬಳಸಿದಾಗ ಒಂದು ವಿಚಿತ್ರವನ್ನು ತಪ್ಪದೆ ನೆನಪಿಡಿ. ಆ ಮೆಥಡ್ ಕರೆದಾಗ ಅದರ ಒಂದು ಸಾಲೂ ಓಡುವುದಿಲ್ಲ, ಯಾರೋ ಫಾರ್‌ಈಚ್ ಶುರು ಮಾಡಿದಾಗಲೇ ಓಡುವುದು. ಅಂದರೆ ಮೊದಲ ಸಾಲಿನಲ್ಲಿ ನೀವು ಹಾಕಿದ ನಲ್ ಚೆಕ್ ಕೂಡ ಆಗಲೇ ಓಡುವುದು. ನಲ್ ಕೊಟ್ಟದ್ದು ಒಂದು ಫೈಲ್‌ನಲ್ಲಿ, ಎಕ್ಸೆಪ್ಷನ್ ಸಿಡಿಯುವುದು ಇನ್ನೊಂದು ಫೈಲ್‌ನಲ್ಲಿ. ಹಾಗಾಗಿ ಮೆಥಡ್ ಅನ್ನು ಎರಡು ಭಾಗ ಮಾಡಿ. ಹೊರಗಿನದು ಯೀಲ್ಡ್ ಇಲ್ಲದೆ ಚೆಕ್ ಮಾಡಲಿ, ಒಳಗೊಂದು ಲೋಕಲ್ ಫಂಕ್ಷನ್ ಇರಲಿ, ಯೀಲ್ಡ್ ಅದರಲ್ಲಿ ಬರಲಿ. ಸಿ ಶಾರ್ಪ್ 7ರಿಂದ ಇದು ಸುಲಭ.

ಬರೆಯುವ ಮುಂಚೆ ಅಂಥ ಮೆಥಡ್ ಲಿಂಕ್‌ನಲ್ಲಿ ಈಗಾಗಲೇ ಇದೆಯಾ ಅಂತ ನೋಡಿ. ಚಂಕ್, ಡಿಸ್ಟಿಂಕ್ಟ್‌ಬೈ, ಮ್ಯಾಕ್ಸ್‌ಬೈ ಎಲ್ಲ 2021ರ ಡಾಟ್‌ನೆಟ್ (ಸಿ ಶಾರ್ಪ್ ಓಡುವ ವೇದಿಕೆ) 6ರಲ್ಲೇ ಬಂದಿವೆ, ಕೌಂಟ್‌ಬೈ ಡಾಟ್‌ನೆಟ್ 9ರಲ್ಲಿ. ಡಿಸ್ಟಿಂಕ್ಟ್‌ಬೈ ಅನ್ನು ಅದೇ ಹೆಸರಿನಲ್ಲಿ ಸ್ವಂತವಾಗಿ ಬರೆದುಕೊಂಡಿದ್ದವರ ಕೋಡ್, ಡಾಟ್‌ನೆಟ್ 6ಕ್ಕೆ ಬದಲಾದಾಗ ಯಾವುದನ್ನು ಕರೆಯಬೇಕು ಅಂತ ಗೊತ್ತಾಗದೆ ಕಂಪೈಲ್ ಎರರ್ ಕೊಡಬಹುದು. ಅದಕ್ಕೇ ನಾನು ನನ್ನ ಹೆಲ್ಪರ್‌ಗಳಿಗೆ ವ್ಯವಹಾರದ ಮಾತಿನಲ್ಲೇ ಹೆಸರಿಡುತ್ತೇನೆ. ನಿಮ್ಮದಕ್ಕೆ "ಹಣ ಬಂದ ಆರ್ಡರ್" ಅನ್ನುವ ಅರ್ಥದ ಹೆಸರು ಕೊಡಿ, ನಿಮ್ಮದೇ ನೇಮ್‌ಸ್ಪೇಸ್‌ನಲ್ಲಿಡಿ. ಆ ಹೆಸರಿನ ಮೆಥಡ್ ಫ್ರೇಮ್‌ವರ್ಕ್‌ನಲ್ಲಿ ಯಾವತ್ತೂ ಬರುವುದಿಲ್ಲ.

ಐಕ್ವೆರಿಯಬಲ್‌ಗೆ ಬದಲಾಯಿಸಿದ ಮೇಲೂ ನಿಧಾನ ಇದ್ದರೆ, ಟು ಕ್ವೆರಿ ಸ್ಟ್ರಿಂಗ್ ಕೊಟ್ಟ ಎಸ್‌ಕ್ಯೂಎಲ್ ಅನ್ನು ಪ್ರಶ್ನೆಗೆ ಸೇರಿಸಿ, ಇಂಡೆಕ್ಸ್ ಕಡೆ ನೋಡೋಣ.